ಹಿಂದೆ ಕೂತವರ ಭಾರ

ಸ್ಕೂಟರ್ ಕಲಿಯಲು ಬಂದವರಿಗೆ ನಾನು ಮೊದಲ ದಿನ ಕೀಲಿಯನ್ನೇ ಕೊಡುವುದಿಲ್ಲ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಮೈದಾನದ ಸುತ್ತ ಮೂರು ಸಲ ತಳ್ಳಿಕೊಂಡು ಬಾ ಅನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ಓಡ್ಸೋದು ಕಲ್ಸಿ ಅಂದ್ರೆ ತಳ್ಳೋದು ಕಲಿಸ್ತೀರಲ್ಲ" ಎಂದು ಗೊಣಗುತ್ತಾರೆ. ಗೊಣಗಲಿ. ಚಿಕ್ಕ ಗಾಡಿಯೇ ಇರಬಹುದು, ಆದರೆ ಅದು ಯಾವ ಕಡೆ ಬೀಳಲು ನೋಡುತ್ತದೆ ಎಂಬುದು ಪಕ್ಕದಲ್ಲಿ ನಡೆದರೆ ಗೊತ್ತಾಗುತ್ತದೆ, ಮೇಲೆ ಕೂತರೆ ಗೊತ್ತಾಗುವುದಿಲ್ಲ. ಮೂರು ಸುತ್ತು ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದವರನ್ನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. "ಯಾರನ್ನ ಹಿಂದೆ ಕೂರಿಸ್ಕೋಬೇಕು ಅಂತ ಕಲಿಯೋಕೆ ಬಂದಿದೀಯ?"

ಬೇರೆ ಊರುಗಳಲ್ಲಿ ಜನ ಆಫೀಸಿಗೆ, ಸಂತೆಗೆ ಹೋಗಲು ಸ್ಕೂಟರ್ ಕಲಿಯುತ್ತಾರಂತೆ. ನಮ್ಮೂರಲ್ಲಿ ಹಿಂದಿನ ಸೀಟಿನಲ್ಲಿ ಕೊನೆಗೆ ಕೂತವರ ಭಾರ ಅವರು ಇಳಿದ ಮೇಲೂ ಅಲ್ಲೇ ಉಳಿಯುತ್ತದೆ. ಬದುಕಿದ್ದವರದೂ ಅಷ್ಟೇ, ಹೋದವರದೂ ಅಷ್ಟೇ. ಇನ್ನೊಬ್ಬರು ಕೂತು ಗಾಡಿ ಹತ್ತು ಮಾರು ಉರುಳಿದರೆ ಮುಗಿಯಿತು, ಮೊದಲಿನವರು ಹೋದರು, ಮತ್ತೆ ಬಾ ಅಂದರೆ ಬರುವುದಿಲ್ಲ. ನಮ್ಮ ಪೋಸ್ಟ್‌ಮ್ಯಾನ್ ತಮ್ಮ ಮಗಳನ್ನು ಗಂಡನ ಮನೆಗೆ ಹೋಗುವ ಬಸ್ಸಿಗೆ ಬಿಟ್ಟು ಬಂದವರು ಆರು ವರ್ಷದಿಂದ ಹಿಂದೆ ಯಾರನ್ನೂ ಹತ್ತಿಸಿಕೊಂಡಿಲ್ಲ. ಪಂಕ್ಚರ್ ಅಂಗಡಿಯವನು ಗಾಳಿ ಹಾಕುವ ಮುಂಚೆ "ಹಿಂದೆ ಯಾರಿದಾರೆ?" ಎಂದು ಕೇಳಿಯೇ ಪೈಪು ಎತ್ತುತ್ತಾನೆ. ಹಳೆ ಗಾಡಿ ಮಾರುವ ಅಂಗಡಿಯಲ್ಲಿ ಸೀಟು ಬಿಡಿಸಲೆಂದೇ ಒಬ್ಬ ಸಂಬಳದ ಆಳಿದ್ದಾನೆ. ಅವನು ಹತ್ತಿ ಕೂತು ಒಂದು ಸುತ್ತು ಹೋಗಿ ಬಂದರೆ ಹಳಬರು ಹೋದರು, ಕೊಂಡವರು ತಮ್ಮವರನ್ನು ಕೂರಿಸಿಕೊಳ್ಳುವ ತನಕ ಅವನೇ ಇರುತ್ತಾನೆ. ಮಾರುವವರು ಅವನು ಹತ್ತುವ ಹೊತ್ತಿಗೆ ಬೇರೆ ಕಡೆ ಮುಖ ಮಾಡಿಕೊಂಡು ನಿಲ್ಲುತ್ತಾರೆ.

ನನ್ನ ಹೆಸರು ಇಂದುಮತಿ. ಊರಿನವರಿಗೆ ಇಂದಕ್ಕ. ಬಾಯಿ ಜೋರು ಅಂತ ಹೆಸರಿದೆ, ಇಲ್ಲ ಅನ್ನುವುದಿಲ್ಲ. ಮುಚ್ಚಿಹೋದ ಹತ್ತಿ ಮಿಲ್ಲಿನ ಮೈದಾನದಲ್ಲಿ ಹತ್ತೊಂಬತ್ತು ವರ್ಷದಿಂದ ಬೆಳಗ್ಗೆ ಆರರಿಂದ ಎಂಟರ ತನಕ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದೇನೆ. ಕಲಿಸಲಿಕ್ಕೆಂದೇ ಒಂದು ಬೂದು ಬಣ್ಣದ ಚಿಕ್ಕ ಗಾಡಿ ಇಟ್ಟಿದ್ದೇನೆ. ಅದರ ಹಿಂದೆ ಕೂತು ಕಲಿಯುವವಳ ಕಿವಿಯ ಹತ್ತಿರ ಕೂಗುತ್ತಿರುತ್ತೇನೆ. ನಾಲ್ಕೈದು ದಿನವಾದ ಮೇಲೆ ಇಳಿದು ದೂರ ನಿಲ್ಲುತ್ತೇನೆ, ಆದರೂ ನನ್ನ ಎಪ್ಪತ್ನಾಲ್ಕು ಕೆಜಿ ಅವಳ ಹಿಂದೆ ಇದ್ದೇ ಇರುತ್ತದೆ. ಹಾಗಾಗಿ ಈ ಊರಿನ ಹೆಂಗಸರು ಯಾರೂ ಖಾಲಿ ಗಾಡಿಯಲ್ಲಿ ಕಲಿತವರಲ್ಲ. ಆ ಗಾಡಿಯನ್ನು ನಾನೊಬ್ಬಳೇ ಮನೆಗೆ ಓಡಿಸಿಕೊಂಡು ಹೋಗುವಾಗ ನನ್ನ ಹಿಂದೆ ನಾನೇ ಕೂತಿರುತ್ತೇನೆ. ಆ ಹೆಂಗಸು ಎಷ್ಟು ಭಾರ ಅಂತ ಆಗ ಗೊತ್ತಾಗುತ್ತದೆ.

ನನ್ನ ಸ್ವಂತದ ಗಾಡಿ ಬೇರೆ ಇದೆ. ಅದರ ಹಿಂದೆ ಒಂದು ಕಾಲಕ್ಕೆ ನನ್ನ ಅಕ್ಕ ಇದ್ದಳು. ಅವಳು ತೀರಿಕೊಂಡ ಮೇಲೆ ಎರಡು ವರ್ಷ ಅವಳನ್ನು ಕೂರಿಸಿಕೊಂಡೇ ಓಡಾಡಿದೆ. ತರಕಾರಿಗೆ ಹೋದರೂ ಅಕ್ಕ, ಬ್ಯಾಂಕಿಗೆ ಹೋದರೂ ಅಕ್ಕ. ಹಂಪ್ ಬಂದಾಗ ಅವಳು ಹಿಂದಕ್ಕೆ ಸರಿಯುವುದು, ದಾಟಿದ ಮೇಲೆ ಮೆಲ್ಲಗೆ ಮುಂದಕ್ಕೆ ಜರುಗುವುದು, ಎಲ್ಲ ಹಾಗೇ ಇತ್ತು. ಒಂದು ಮಧ್ಯಾಹ್ನ ರೈಲ್ವೆ ಗೇಟಿನ ಹತ್ತಿರ ಒಬ್ಬ ಬಸುರಿ ಹೆಂಗಸು ನೋವು ತಾಳಲಾರದೆ ರಸ್ತೆಯ ಬದಿಯಲ್ಲೇ ಕೂತುಬಿಟ್ಟಿದ್ದಳು. ಆಟೋ ಇಲ್ಲ, ಜನ ಇಲ್ಲ. ಹತ್ತಮ್ಮ ಅಂದೆ. ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಇಳಿಸಿ ಒಳಗೆ ಸೇರಿಸಿ ಬಂದು ಗಾಡಿ ಹತ್ತಿದಾಗಲೇ ನನಗೆ ಅಕ್ಕನ ನೆನಪಾದದ್ದು. ತಪ್ಪು ಮಾಡಿದೆ ಅನ್ನಲಾರೆ, ಆ ಹೊತ್ತಿನಲ್ಲಿ ಬೇರೇನು ಮಾಡಬಹುದಿತ್ತು? ಆದರೂ ಅಕ್ಕ ಸತ್ತ ದಿನ ಅತ್ತದ್ದಕ್ಕಿಂತ ಆವತ್ತೇ ಹೆಚ್ಚು ಅತ್ತೆ. ಹೆಸರು ಕೂಡ ಕೇಳಿರದ ಆ ಬಸುರಿ ಈಗಲೂ ನನ್ನ ಹಿಂದೆ ಕೂತಿದ್ದಾಳೆ. ಅವಳನ್ನು ಇಳಿಸಲೂ ನನಗೆ ಮನಸ್ಸು ಬಂದಿಲ್ಲ.

ಸುನಂದಾ ನನ್ನ ಹತ್ತಿರ ಬಂದದ್ದು ಮಾಘದ ಚಳಿಯಲ್ಲಿ. ನಲವತ್ತೆಂಟು ವರ್ಷದವಳು. ಮನೆಯಲ್ಲೇ ಚಪಾತಿ ಲಟ್ಟಿಸಿ ಮೂರು ಹೋಟೆಲುಗಳಿಗೆ ಕೊಡುತ್ತಿದ್ದಳು. ಸೈಕಲ್ ಕೂಡ ತುಳಿದು ಗೊತ್ತಿರಲಿಲ್ಲ. ಮೂರು ಸುತ್ತು ಗಾಡಿ ತಳ್ಳುವಷ್ಟರಲ್ಲಿ ಎರಡು ಸಲ ಬೀಳಿಸಿದಳು. ನನ್ನ ಪ್ರಶ್ನೆಗೆ ಮಾತ್ರ ತಡಮಾಡದೆ ಉತ್ತರ ಕೊಟ್ಟಳು. "ನಮ್ಮನೆಯವರನ್ನ."

ಅವಳ ಮನೆಯವರು ಲೈನ್‌ಮನ್ ದೇವೇಂದ್ರಪ್ಪ. ಊರಿಗೆಲ್ಲ ಗೊತ್ತಿದ್ದ ಮನುಷ್ಯ. ಆರಡಿ ಎತ್ತರ, ಅದಕ್ಕೆ ತಕ್ಕ ಮೈ. ಕಂಬದ ಮೇಲೆ ಹತ್ತಿದರೆ ಕಂಬವೇ ಸಣ್ಣದಾಗಿ ಕಾಣುತ್ತಿತ್ತು. ಅವರಿಗೆ ಹೊಟ್ಟೆಯಲ್ಲಿ ಏನೋ ಆಗಿದೆ ಎಂದು ಕೇಳಿದ್ದೆ. ಡಾಕ್ಟರು ಏನಂದರು ಎಂದು ಕೇಳಿದೆ.

"ಶಿವರಾತ್ರಿ ದಾಟೋದು ಕಷ್ಟ ಅಂದ್ರು ಅಕ್ಕ. ಇಪ್ಪತ್ತಮೂರು ವರ್ಷ ಅವರೇ ಓಡ್ಸಿದ್ರು, ನಾನು ಹಿಂದೆ ಕೂತೆ. ಅವರ ಗಾಡಿ ಹಿಂದೆ ನಾನಿದೀನಿ. ಅವರು ಯಾವ ಗಾಡಿ ಹಿಂದೇನೂ ಇಲ್ಲ. ಅವರು ಹೋದ್ಮೇಲೆ ನಾನು ನನ್ನನ್ನೇ ಹೊತ್ಕೊಂಡು ತಿರುಗ್ಲಾ?"

"ನಿನ್ನ ತಮ್ಮನೋ ಯಾರೋ ಅವರನ್ನ ಒಂದು ಸಲ ಕೂರಿಸ್ಕೊಂಡು ಹೋಗಿ ಬರ್ಲಿ. ನೀನು ಆಮೇಲೆ ನಿಧಾನಕ್ಕೆ ಕಲಿ. ಮೂರು ವಾರಕ್ಕೆ ಬರೋ ವಿದ್ಯೆ ಅಲ್ಲ ಇದು."

"ತಮ್ಮನ ಬೆನ್ನಿಗೆ ಕೂತೋರು ನನ್ನ ಬೆನ್ನಿಗೆ ಹೆಂಗೆ ಹೊಂದ್ತಾರೆ ಅಕ್ಕ?" ಎಂದಳು. ಅವಳು ಹೇಳಿದ್ದು ಸರಿಯಿತ್ತು. ಯಾರ ಹಿಂದೆ ಕೂತರೋ ಅವರಿಗೆ ತಕ್ಕ ಹಾಗೆಯೇ ಭಾರ ಉಳಿಯುತ್ತದೆ. ನಾಳೆ ಐದೂವರೆಗೇ ಬಾ ಅಂದೆ.

ಅವಳಿಗೆ ಕಲಿಸಿದ ಹಾಗೆ ನಾನು ಯಾರಿಗೂ ಕಲಿಸಿಲ್ಲ, ಅವಳನ್ನು ಬೈದ ಹಾಗೆ ಯಾರನ್ನೂ ಬೈದಿಲ್ಲ. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಅವಳದು. ಹೆದರಿಕೆಯಾದ ಕೂಡಲೇ ಎಕ್ಸಲೇಟರನ್ನು ಹಿಂಡಿಬಿಡುತ್ತಿದ್ದಳು, ಗಾಡಿ ಹಾರುತ್ತಿತ್ತು, ಇನ್ನಷ್ಟು ಹೆದರಿ ಇನ್ನಷ್ಟು ಹಿಂಡುತ್ತಿದ್ದಳು. ಎರಡನೆಯ ದಿನ ನಾವಿಬ್ಬರೂ ಸೇರಿ ಲಂಟಾನ ಪೊದೆಯೊಳಗೆ ಹೋಗಿ ಬಿದ್ದೆವು. "ಹೆದರಿಕೆ ಆದಾಗ ಮೊದ್ಲು ಬೆರಳು ಸಡಿಲ ಬಿಡು. ಆಮೇಲೆ ಬ್ರೇಕ್ ಹಿಡಿ. ಹೆದರಿಕೆ ಆದಾಗ ಏನನ್ನೂ ಗಟ್ಟಿಯಾಗಿ ಹಿಡ್ಕೋಬಾರ್ದು ಕಣಮ್ಮ" ಎಂದು ಪೊದೆಯೊಳಗೆ ಕೂತೇ ಪಾಠ ಹೇಳಿದೆ. ಮಾರನೆಯ ದಿನ ಮೊಣಕೈಗೆ ಅರಿಶಿನ ಮೆತ್ತಿಕೊಂಡು ನನಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದಳು.

ಮುಂದಿನ ಚಕ್ರವನ್ನೇ ನೋಡುತ್ತಿದ್ದಳು. ಅದೆಲ್ಲಿಗೂ ಓಡಿ ಹೋಗಲ್ಲ, ತಲೆ ಎತ್ತು ಅಂದೆ. ತಲೆ ಎತ್ತಿದರೆ ದಾರಿಯಲ್ಲಿದ್ದ ಕಲ್ಲನ್ನು ನೋಡುತ್ತಿದ್ದಳು, ನೋಡಿದ ಮೇಲೆ ಗಾಡಿ ಸೀದಾ ಕಲ್ಲಿಗೇ ಹೋಗುತ್ತಿತ್ತು. "ಕಲ್ಲು ನೋಡಿದ್ರೆ ಕಲ್ಲಿಗೆ ಹೋಗ್ತೀಯ. ಕಲ್ಲಿನ ಪಕ್ಕ ಜಾಗ ಇದೆಯಲ್ಲ, ಅದನ್ನ ನೋಡು." ಎರಡೂ ಕಾಲನ್ನು ನೆಲಕ್ಕೆ ಎಳೆದುಕೊಂಡು ಹೋಗುವ ಚಟ ಬಿಡಿಸಲು ನಾಲ್ಕು ದಿನ ಹಿಡಿಯಿತು. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಗಿಸುವುದು, ತಿರುವಿನ ಮರಳಿನಲ್ಲಿ ಮುಂದಿನ ಬ್ರೇಕ್ ಮುಟ್ಟದಿರುವುದು, ನಾಯಿ ಅಡ್ಡ ಬಂದರೆ ಹ್ಯಾಂಡಲ್ ಎಳೆಯದೆ ನಿಧಾನ ಮಾಡುವುದು, ಎಮ್ಮೆಗೆ ಹಾರನ್ ಮಾಡಿ ಉಸಿರು ದಂಡ ಮಾಡದಿರುವುದು, ಎಲ್ಲವನ್ನೂ ಹೇಳಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬ್ರೇಕ್ ಹೇಳಿಕೊಟ್ಟೆ. ಹಿಂದೆ ಆಳಿದ್ದರೆ ಗಾಡಿ ಬೇಗ ನಿಲ್ಲುವುದಿಲ್ಲ, ಹಿಂದಿನ ಭಾರ ಬಂದು ಬೆನ್ನಿಗೆ ಒತ್ತುತ್ತದೆ, ಆ ಒತ್ತು ಎಷ್ಟಿದೆ ಎಂದು ನೋಡಿಕೊಂಡು ಕೈ ಬಿಗಿ ಮಾಡಬೇಕು. ಅವಳು ನನ್ನ ಎಪ್ಪತ್ನಾಲ್ಕು ಕೆಜಿಯ ಒತ್ತನ್ನು ಬೆನ್ನಿನಲ್ಲಿ ಕಲಿತಳು.

ದೇವೇಂದ್ರಪ್ಪ ಮನೆಯಲ್ಲಿ ಮಲಗಿಕೊಂಡೇ ದಿನಾ ಪಾಠ ಒಪ್ಪಿಸಿಕೊಳ್ಳುತ್ತಿದ್ದರಂತೆ. ಒಂದು ದಿನ ಇವಳು ಬಂದು, "ಎಡಗೈ ಬ್ರೇಕ್ ಮೊದ್ಲು ಹಿಡೀಬೇಕು ಅಂತ ಅವರಂದ್ರು, ನೀವು ಎರಡೂ ಒಟ್ಟಿಗೆ ಅಂತೀರಲ್ಲ" ಎಂದಳು. ನನಗೆ ರೇಗಿತು. "ಹಂಗಾದ್ರೆ ಅವರ ಹತ್ರಾನೇ ಕಲಿ ಹೋಗು" ಅಂದುಬಿಟ್ಟೆ. ಅವಳ ಮುಖ ನೋಡಿ ನನ್ನ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡಳು. ಆವತ್ತು ಎಡಗೈ ಬ್ರೇಕನ್ನೇ ಮೊದಲು ಹಿಡಿಸಿದೆ.

ಅಷ್ಟರಲ್ಲಿ ಅವರು ಅವಳಿಗೆಂದು ಒಂದು ಚಿಕ್ಕ ಗಾಡಿ ತರಿಸಿದ್ದರು, ಹಸಿರು ಬಣ್ಣದ್ದು. ಹಿಂದಿನ ಸೀಟಿನಲ್ಲಿ ಇನ್ನೂ ಯಾರೂ ಕೂತಿರದ ಗಾಡಿ. ಅದನ್ನು ಅಂಗಳದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಚಪಾತಿ ಮಣೆ ಬೋರಲು ಹಾಕಿಸಿ, ಯಾರಾದರೂ ನೆಂಟರು ಹತ್ತಿರ ಸುಳಿದರೆ ಒಳಗಿನಿಂದಲೇ ದೇವೇಂದ್ರಪ್ಪ ಕೆಮ್ಮುತ್ತಿದ್ದರಂತೆ.

ಹತ್ತೊಂಬತ್ತನೆಯ ದಿನ ಅವಳು ಗಂಡನನ್ನು ಆಟೋದಲ್ಲಿ ಮೈದಾನಕ್ಕೆ ಕರೆತಂದಳು. ಹಸಿರು ಗಾಡಿಯನ್ನು ನಾನು ಮುಂಚೆಯೇ ತಂದು ನಿಲ್ಲಿಸಿದ್ದೆ. ಹಿಂದೆ ಯಾರೂ ಇಲ್ಲದ ಗಾಡಿ ಓಡಿಸಿ ಎಷ್ಟೋ ವರ್ಷವಾಗಿತ್ತು, ಆ ಹಗುರಕ್ಕೆ ನನಗೇ ಹ್ಯಾಂಡಲ್ ಹತೋಟಿಗೆ ಬರಲಿಲ್ಲ. ದೇವೇಂದ್ರಪ್ಪ ಆಟೋದಿಂದ ಇಳಿದಾಗ ಗುರುತು ಹತ್ತಲಿಲ್ಲ. ಎತ್ತರ ಮಾತ್ರ ಉಳಿದಿತ್ತು. ಅಂಗಿ ಮೈಮೇಲೆ ನೇತಾಡುತ್ತಿತ್ತು. ಹಿಂದಿನ ವಾರ ಆಸ್ಪತ್ರೆಯಲ್ಲಿ ತೂಗಿದಾಗ ಮೂವತ್ತೊಂಬತ್ತು ಕೆಜಿ ಬಂತು ಎಂದು ಅವಳು ನನಗೆ ಹೇಳಿದ್ದಳು, ನನ್ನ ತಲೆಗೆ ಅದು ಹೋಗಿರಲೇ ಇಲ್ಲ. ನಾನೂ ಆಟೋದವನೂ ಸೇರಿ ಅವರನ್ನು ಹತ್ತಿಸಿದೆವು. ಹುಟ್ಟಿದ ಮೇಲೆ ಹಿಂದಿನ ಸೀಟಿನಲ್ಲಿ ಕೂತವರಲ್ಲ. ಕೈ ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. "ನನ್ನ ಭುಜ ಹಿಡ್ಕೊಳ್ರೀ" ಎಂದಳು ಸುನಂದಾ. ನನ್ನ ಎದುರು ಅವರಿಗೆ ನಾಚಿಕೆಯಾಗಿ ಹಿಂದಿನ ಕಂಬಿ ಹಿಡಿದುಕೊಂಡರು.

ಮೊದಲ ತಿರುವಿನ ಹೊತ್ತಿಗೆ ಅವರ ಕೈ ಅವಳ ಭುಜಕ್ಕೆ ಬಂದಿತ್ತು. ನೇರ ದಾರಿಯಲ್ಲಿ ಚೆನ್ನಾಗಿ ಹೋದಳು. ಗೋಡೆ ಹತ್ತಿರ ಬಂದಾಗ ನಾನು ಕಲಿಸಿದ ಹಾಗೆ ಬೇಗನೇ ಬ್ರೇಕ್ ಹಿಡಿದಳು. ಬೆನ್ನಿಗೆ ಒತ್ತು ಬರಲಿಲ್ಲ. ಗಾಡಿ ಅಲ್ಲೇ ಗಕ್ಕನೆ ನಿಂತಿತು. ಅವಳು ಎರಡೂ ಕಾಲು ಊರಿ ತಿರುಗಿ ನೋಡಿದಳು. ಅವರು ಬಿದ್ದೇಹೋದರು ಅಂದುಕೊಂಡಳೋ ಏನೋ, ಅಷ್ಟು ದೂರದಿಂದಲೂ ಅವಳ ಮುಖ ಬಿಳಿಚಿದ್ದು ನನಗೆ ಕಂಡಿತು.

"ಇದೀನಿ ಕಣೇ" ಎಂದರು ಅವರು. "ಮುಂದೆ ನೋಡ್ಕೊಂಡು ಓಡ್ಸು."

ನಾಲ್ಕು ಸುತ್ತು ಹಾಕಿದರು. ಆಮೇಲೆ ಅವರು ಕೈ ಚಾಚಿ ಗೇಟಿನ ಹೊರಗೆ ತೋರಿಸಿದರು. ಕೆರೆ ಏರಿಯ ಮೇಲೆ ಅವರೇ ನಿಂತು ನೆಡಿಸಿದ ಕಂಬಗಳ ಸಾಲಿದೆ, ಅಲ್ಲಿಗೆ ಹೋಗಿ ಬಂದರಂತೆ. ಅರ್ಧ ಗಂಟೆ ನಾನು ಕಲ್ಲಿನ ಮೇಲೆ ಕೂತು ಗೇಟಿನ ಕಡೆ ನೋಡುತ್ತಿದ್ದೆ. ವಾಪಸು ಬಂದಾಗ ದೇವೇಂದ್ರಪ್ಪ ಏದುಸಿರು ಬಿಡುತ್ತಿದ್ದರು, ಆದರೆ ಮುಖದಲ್ಲಿ ನಗು. "ಚೆನ್ನಾಗಿ ಓಡಿಸ್ತಾಳೆ ಇಂದಕ್ಕನೋರೆ. ಹಂಪ್ ಒಂದು ನೋಡಲ್ಲ, ಎತ್ತಿ ಎತ್ತಿ ಹಾಕ್ತಾಳೆ" ಎಂದರು. ಶಿವರಾತ್ರಿಗೆ ಇನ್ನೂ ಎರಡು ದಿನ ಇರುವಾಗ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, ನಾನು ಮೈದಾನದ ಬಾಗಿಲು ತೆಗೆಯುತ್ತಿದ್ದಾಗ ಸುನಂದಾ ಬಂದಳು. ಹಸಿರು ಗಾಡಿಯನ್ನು ಅಷ್ಟು ದೂರ ತಳ್ಳಿಕೊಂಡೇ ಬಂದಿದ್ದಳು. ಕಣ್ಣು ಊದಿತ್ತು. ಕೂತುಕೋ ಅಂದರೂ ಕೂರಲಿಲ್ಲ.

"ಅವರಿಲ್ಲ ಅಕ್ಕ" ಎಂದಳು. "ಒಂದು ವಾರದಿಂದ ಓಡಿಸ್ತಿದೀನಿ. ಹೋಟೆಲಿಗೆ ಹೋದೆ, ಮಾರ್ಕೆಟ್ಟಿಗೆ ಹೋದೆ. ಬೆನ್ನಿಗೆ ಏನೂ ಬರಲ್ಲ. ನಿಮ್ಮ ಗಾಡಿ ಹಿಂದೆ ನೀವಿರ್ತಿದ್ದದ್ದು ಎಷ್ಟು ಗೊತ್ತಾಗ್ತಿತ್ತು. ಇದು ಖಾಲಿ. ಅವರು ಕೂತಿದ್ದು ಅಂಟಲೇ ಇಲ್ಲ ಅನ್ಸುತ್ತೆ. ಪಕ್ಕದ ಮನೆ ಅಜ್ಜಿ ಕಣ್ಣಿನ ಆಸ್ಪತ್ರೆಗೆ ಬಿಡು ಅಂತ ಮೂರು ದಿನದಿಂದ ಕೇಳ್ತಿದಾರೆ. ಖಾಲಿ ಸೀಟು ಕಾಯ್ಕೊಂಡಿದಾಳೆ ಅಂತ ಬೀದಿಯೋರು ಆಡ್ಕೋತಿದಾರೆ. ಇವತ್ತು ಒಂಬತ್ತಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ. ಅದಕ್ಕೆ ಮುಂಚೆ ನೀವೊಂದ್ಸಲ ಓಡ್ಸಿ ನೋಡಿ. ನಿಮಗೆ ಗೊತ್ತಾಗುತ್ತೆ. ಇಲ್ಲ ಅಂದ್ರೆ ಇಲ್ಲ ಅನ್ನಿ."

ಎಪ್ಪತ್ನಾಲ್ಕು ಕೆಜಿಗೆ ಹದವಾದ ಬೆನ್ನಿಗೆ ಮೂವತ್ತೊಂಬತ್ತು ಕೆಜಿ ಎಲ್ಲಿ ಗೊತ್ತಾಗಬೇಕು? ಅವಳಿಗೆ ಕಲಿಸುವಾಗ ಕೊನೆಯ ನಾಲ್ಕು ದಿನವಾದರೂ ನಾನಿಳಿದು ಯಾರಾದರೂ ಸಣಕಲು ಹುಡುಗಿಯನ್ನು ಕೂರಿಸಬೇಕಿತ್ತು. ಹತ್ತೊಂಬತ್ತು ವರ್ಷ ಪಾಠ ಹೇಳಿದವಳಿಗೆ ಅಷ್ಟು ಹೊಳೆಯಲಿಲ್ಲ. ಕೀಲಿ ತೆಗೆದುಕೊಂಡು ಗಾಡಿ ಹತ್ತಿದೆ.

ಮೊದಲ ಸುತ್ತನ್ನು ಯಾವಾಗಲೂ ಹೋಗುವ ವೇಗದಲ್ಲೇ ಹೋದೆ. ಏನೂ ಇಲ್ಲ. ಆವತ್ತು ಅವಳ ಮನೆಯಿಂದ ಖಾಲಿ ತಂದಾಗ ಇದ್ದದ್ದಕ್ಕಿಂತ ಒಂದು ಕೂದಲಷ್ಟು ಭಾರವಿದೆಯೇನೋ ಅನ್ನಿಸಿತು, ಇಲ್ಲ ಅಂತಲೂ ಅನ್ನಿಸಿತು. ಅವಳು ಸೆರಗಿನ ತುದಿ ಬಾಯಿಗೆ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಇದ್ದಾರೆ ಎಂದು ಸುಳ್ಳು ಹೇಳಬಹುದಿತ್ತು. ಹೇಳಿದರೆ ಜೀವಮಾನವೆಲ್ಲ ಅವಳು ಇಲ್ಲದ ಗಂಡನನ್ನು ಕಾಯುತ್ತಾಳೆ. ಇಲ್ಲ ಅಂದರೆ ಒಂಬತ್ತಕ್ಕೆ ಅಜ್ಜಿ ಹತ್ತುತ್ತಾಳೆ, ಒಂದು ವೇಳೆ ಅವರು ಇದ್ದಿದ್ದರೆ ಆಮೇಲೆ ಹೋದ ಹಾಗೆಯೇ. ಅಕ್ಕನನ್ನು ನಾನು ಕಳೆದುಕೊಂಡದ್ದು ಒಂದು ಜೀವ ಉಳಿಸಲಿಕ್ಕಾದರೂ ಆಗಿತ್ತು.

ಎರಡನೆಯ ಸುತ್ತಿಗೆ ವೇಗ ಇಳಿಸಿದೆ. ಇನ್ನೂ ಇಳಿಸಿದೆ. ಜೊತೆಯಲ್ಲಿ ನಡೆಯುವವರು ಮುಂದೆ ಹೋಗಬೇಕು, ಅಷ್ಟು ನಿಧಾನ. ಮರಳಿನ ತಿರುವಿನಲ್ಲಿ ಹ್ಯಾಂಡಲ್ ನಡುಗಿ ಗಾಡಿ ಎಡಕ್ಕೆ ವಾಲಿತು, ಬಿತ್ತು ಎಂದು ಕಾಲು ಊರಲು ಹೋದೆ. ಊರಬೇಕಾಗಲಿಲ್ಲ. ನನ್ನ ಹಿಂದೆ ಏನೋ ಬಲಕ್ಕೆ ಸರಿಯಿತು. ಹೆಚ್ಚಿಲ್ಲ, ಬೇಕಾದಷ್ಟೇ. ಗಾಡಿ ನೆಟ್ಟಗಾಯಿತು. ಹಿಂದೆ ಕೂರುವವರು ಸಾಮಾನ್ಯವಾಗಿ ಗಾಡಿ ವಾಲಿದ ಕಡೆಗೇ ತಾವೂ ವಾಲುತ್ತಾರೆ, ನನ್ನ ಅಕ್ಕನೂ ಹಾಗೆಯೇ. ಮೂವತ್ತು ವರ್ಷ ತಾನೇ ಗಾಡಿ ಓಡಿಸಿದವನು ಹಿಂದೆ ಕೂತಾಗ ಮಾತ್ರ ಹೀಗೆ ಎತ್ತಿ ಹಿಡಿಯಲು ಸಾಧ್ಯ. ನನಗೆ ನಂಬಿಕೆ ಬರಲಿಲ್ಲ. ಇನ್ನೆರಡು ಸಲ ಬೇಕೆಂದೇ ವಾಲಿಸಿದೆ, ಎರಡು ಸಲವೂ ಎತ್ತಿ ಹಿಡಿದರು. "ಸಾಕು ದೇವೇಂದ್ರಪ್ಪನೋರೆ, ಗೊತ್ತಾಯ್ತು" ಎಂದು ನನ್ನ ಪಾಡಿಗೆ ಹೇಳಿಕೊಂಡೆ. ಕಣ್ಣು ಮಂಜಾಗಿ ಎದುರಿನ ಗೋಡೆ ಕಾಣಿಸಲಿಲ್ಲ.

ಇಳಿದು ಬಂದು ಇದ್ದಾರೆ ಅಂದೆ. ಅವಳು ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ಬೇಡಿ ಅಕ್ಕ."

"ನಾನು ಯಾರ ಸಮಾಧಾನಕ್ಕೆ ಏನು ಹೇಳಿದೀನಿ ಈ ಊರಲ್ಲಿ? ತಪ್ಪು ನಂದು. ನಿಂಗೆ ನನ್ನಂಥ ದಡೂತೀನ ಹೊರೋದು ಕಲ್ಸಿದೆ, ಅವರನ್ನ ಹೊರೋದು ಕಲಿಸ್ಲಿಲ್ಲ. ಹತ್ತು. ಬೆನ್ನಲ್ಲಿ ಹುಡುಕ್ಬೇಡ, ಬ್ರೇಕಲ್ಲೂ ಹುಡುಕ್ಬೇಡ. ಇರೋಬರೋ ವೇಗ ಎಲ್ಲ ಇಳಿಸ್ಬಿಡು. ಗಾಡಿ ಇನ್ನೇನು ಬೀಳುತ್ತೆ ಅನ್ನೋವಾಗ ಕಾಲು ಊರ್ಬೇಡ. ಅಷ್ಟೇ."

"ಬಿದ್ರೆ?"

"ಬಿದ್ರೆ ಅಜ್ಜೀನ ಕೂರಿಸ್ಕೊಂಡು ಹೋಗು."

ಅವಳು ಹತ್ತಿದಳು. ನಾನು ಪಕ್ಕದಲ್ಲಿ ನಡೆದೆ. ವೇಗ ಇಳಿಸುತ್ತ ಇಳಿಸುತ್ತ ಗಾಡಿ ನಿಂತೇಹೋಗುವ ಹಂತಕ್ಕೆ ಬಂತು, ಎಡಕ್ಕೆ ಬಾಗಿತು. ಅವಳ ಕಾಲು ಅಲುಗಿತು, ಆದರೆ ಊರಲಿಲ್ಲ. ಗಾಡಿ ಮೆಲ್ಲಗೆ ನೆಟ್ಟಗಾಯಿತು. ಅವಳ ಬಾಯಿಂದ ಒಂದು ಸಣ್ಣ ಸದ್ದು ಬಂತು. ಮತ್ತೆ ಹತ್ತು ಮಾರು ಹೋಗಿ ಬಲಕ್ಕೆ ಬಾಗಿಸಿದಳು, ಅದೂ ನೆಟ್ಟಗಾಯಿತು. ಆಮೇಲೆ ಅವಳಿಗೆ ನನ್ನ ಗ್ಯಾನವಿರಲಿಲ್ಲ. ಮುಂದಕ್ಕೆ ಸರಿದು ಹಿಂದೆ ಧಾರಾಳವಾಗಿ ಜಾಗ ಬಿಟ್ಟು ಕೂತಳು. ಸುತ್ತಿನ ಮೇಲೆ ಸುತ್ತು ಹಾಕಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಅವಳ ಗಂಡ ಅವಳ ಬೆನ್ನ ಹಿಂದೆ ಇದ್ದ. ನನಗೆ ಅಕ್ಕ ಒಂದೇ ಒಂದು ಕೆಜಿಯಷ್ಟು ಉಳಿದಿದ್ದರೂ ಸಾಕಿತ್ತು.

ಎಂಟೂವರೆಗೆ ಅಜ್ಜಿಯ ವಿಷಯ ನೆನಪಿಸಿದೆ. "ಅಜ್ಜಿಗೆ ಆಟೋ ಕರೀತೀನಿ" ಎಂದಳು, ನನ್ನ ಕಡೆ ನೋಡದೆ, ಗಾಡಿ ನಿಲ್ಲಿಸದೆ. ಹಾಗೆಯೇ ಗೇಟು ದಾಟಿ ರಸ್ತೆಗೆ ಇಳಿದಳು. ಶಾಲೆಗೆ, ಕೆಲಸಕ್ಕೆ ಹೋಗುವವರ ಹೊತ್ತು. ನಾನು ಗೇಟಿನ ಹತ್ತಿರ ಹೋಗಿ ನಿಂತೆ. ಅವಳು ರಸ್ತೆಯ ನಡುವೆ, ನಡೆಯುವವರಿಗಿಂತ ನಿಧಾನವಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗುತ್ತ ಹೋಗುತ್ತಿದ್ದಳು. ಹಿಂದೆ ಹಾಲಿನ ವ್ಯಾನು ಬಂತು, ಅದರ ಹಿಂದೆ ಮಕ್ಕಳು ತುಂಬಿದ ಆಟೋ, ಎರಡು ಸೈಕಲ್ಲು, ಒಂದು ಟ್ರ್ಯಾಕ್ಟರು. ವ್ಯಾನಿನವನು ಒಂದು ಸಲ ಹಾರನ್ ಮಾಡಿದ. ಆಮೇಲೆ ಅವಳು ಹಿಂದೆ ಬಿಟ್ಟಿದ್ದ ಜಾಗವನ್ನು ನೋಡಿದನೇನೋ, ಸುಮ್ಮನಾದ. ಕೆರೆ ಏರಿಯ ತನಕ ಅವರೆಲ್ಲ ಅವಳ ಹಿಂದೆ ಸಾಲಾಗಿ ನಿಧಾನಕ್ಕೆ ಹೋದರು. ಆವತ್ತು ಶಾಲೆಗೆ ಮಕ್ಕಳು ತಡವಾಗಿ ಬಂದರಂತೆ, ಹೋಟೆಲುಗಳಿಗೆ ಹಾಲು ತಡವಾಯಿತಂತೆ. ಯಾರೂ ಅವಳನ್ನು ದಾಟಿ ಮುಂದೆ ಹೋಗಲಿಲ್ಲ.